ಮಾನವೇ, ಸ್ವಾಭಿಮಾನವೇ?





ಧಮ್ಮ ಓದುವ ಬಳಗದವರು ಹಾಡು, ಕುಣಿತದ ನಾಟಕ ನೋಡಬಹುದೇ ಎಂದು ಹಿರಿಯ ಉಪಾಸಿಕೆಯೊಬ್ಬರು ಕೇಳಿದ್ದಾರೆ. ಕಳೆದ ಭಾನುವಾರ ನಾವೆಲ್ಲ ಅವರವರ ಮನೆಯಲ್ಲೇ ಕುಳಿತು, ಆನ್‌ಲೈನ್‌ನಲ್ಲಿ ಒಟ್ಟಾಗಿ ‘ಹ್ಯಾಮಿಲ್ಟನ್’ ಎಂಬ ಅಮೆರಿಕದ ಸಂಗೀತ ನಾಟಕ ನೋಡಿದ್ದರಿಂದ ಈ ಪ್ರಶ್ನೆ ಬಂದಿದೆ. ಪ್ರಶ್ನೆ ಸರಿಯಾಗಿದೆ, ಉತ್ತರಿಸಬೇಕು.

ಉಪೋಸಥದ ದಿನ ಅಷ್ಟಶೀಲ ಹಿಡಿದವರು ನೃತ್ಯ, ಗೀತ, ವಾದ್ಯಗಳಿಂದ ದೂರವಿರುತ್ತಾರೆ. ಪಂಚಶೀಲದಲ್ಲಿ ಆ ನಿಯಮವಿಲ್ಲ. ಹಾಗೆಂದು ಭಗವಾನ್ ಬುದ್ಧರು ಈ ವಿಷಯದಲ್ಲಿ ಸುಮ್ಮನಿರಲಿಲ್ಲ. ನಟರ ಮುಖ್ಯಸ್ಥ ತಾಲಪುಟ ಬಂದು, ಜನರನ್ನು ನಗಿಸುವ ನಟನಿಗೆ ಮುಂದೆ ಎಂಥ ಗತಿ ಎಂದು ಕೇಳಿದಾಗ ಬುದ್ಧರು ಉತ್ತರ ಹೇಳಲು ಹಿಂಜರಿದರು. ಅವನು ಬಿಡದೆ ಮತ್ತೆ ಮತ್ತೆ ಕೇಳಿದ ಮೇಲೆ ಹೇಳಿದರು: ಮೊದಲೇ ರಾಗ, ದ್ವೇಷ, ಮೋಹದಲ್ಲಿರುವ ಜನರಲ್ಲಿ ಅವನ್ನೇ ಇನ್ನಷ್ಟು ಕೆರಳಿಸುವುದು ಕೇಡು. ತಾಲಪುಟ ಅತ್ತ, ಭಿಕ್ಖುವಾದ, ಅರಹಂತನೂ ಆದ. ನಮಗೆ ಇಲ್ಲೊಂದು ಅಳತೆಗೋಲು ಸಿಕ್ಕಿತು. ನೋಡಿದ್ದು ನನ್ನೊಳಗೆ ಏನನ್ನು ಹೆಚ್ಚಿಸಿತು, ಏನನ್ನು ಕಡಿಮೆ ಮಾಡಿತು? ಇಂದು ಅದೇ ಅಳತೆಗೋಲಿನಿಂದ ಈ ನಾಟಕವನ್ನು ನೋಡೋಣ.

ಲಿನ್ ಮ್ಯಾನುಯೆಲ್ ಮಿರಾಂಡಾ ರಚಿಸಿದ ಈ ನಾಟಕ 2015ರಲ್ಲಿ ನ್ಯೂಯಾರ್ಕಿನಲ್ಲಿ ರಂಗಕ್ಕೆ ಬಂತು. 2016ರಲ್ಲಿ ಚಿತ್ರೀಕರಿಸಿದ ಪ್ರದರ್ಶನ 2020ರ ಜುಲೈನಲ್ಲಿ ಆನ್‌ಲೈನಿಗೆ ಬಂತು. ಅಲ್ಲಿ ಟಿಕೆಟ್ಟಿಗೆ ನೂರಾರು ಡಾಲರ್ ಕೊಡಬೇಕು. ನಮ್ಮ ಬಳಗದ ಎಲ್ಲರಿಗೂ ಮುಂದಿನ ಸಾಲೇ ಸಿಕ್ಕಿತು. ಊರಿನ ಬಯಲಾಟವನ್ನು ದೂರದಲ್ಲಿ, ಬೇರೆಯಾಗಿ ನಿಂತು ನೋಡಿದ ಹಿರಿಯರ ಮಕ್ಕಳಾದ ನಮಗೆ ಇದು ಸಣ್ಣ ಮಾತಲ್ಲ. ಇನ್ನೊಂದು ವಿಷಯ. ನೂರಾರು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ ಜಾರ್ಜ್ ವಾಷಿಂಗ್ಟನ್ ಪಾತ್ರವನ್ನು ಅಲ್ಲಿ ಮಾಡಿದವರು ಒಬ್ಬ ಕಪ್ಪು ನಟ. ಅದನ್ನು ಕಂಡು ಸಂತೋಷಪಡುತ್ತಲೇ, ಆ ಗುಲಾಮರ ಕಥೆ ಮಾತ್ರ ರಂಗದ ಮೇಲೆ ಬರಲೇ ಇಲ್ಲವಲ್ಲ ಎಂದು ನಮ್ಮ ಹುಡುಗಿಯೊಬ್ಬಳು ಗ್ರೂಪಿನಲ್ಲಿ ಬರೆದಳು. ಕಾಲಾಮರಿಗೆ ಬುದ್ಧರು ಕಲಿಸಿದ್ದೂ ಇದನ್ನೇ: ಚೆಂದ ಕೇಳಿಸಿದ ಮಾತ್ರಕ್ಕೆ ಒಪ್ಪಬೇಡಿ, ಪರೀಕ್ಷಿಸಿ.

ಅಲೆಕ್ಸಾಂಡರ್ ಹ್ಯಾಮಿಲ್ಟನ್ ತಂದೆ ಬಿಟ್ಟುಹೋದ, ತಾಯಿ ತೀರಿಕೊಂಡ ಬಡ ಹುಡುಗ. ಓದಿನ ಬಲದಿಂದ ಮೇಲೆ ಬಂದು ಆ ದೇಶದ ಸಂವಿಧಾನಕ್ಕೆ ಸಹಿ ಹಾಕಿದ, ಮೊದಲ ಖಜಾನೆ ಕಾರ್ಯದರ್ಶಿಯಾದ. ಅವನು ಓದಿದ ಕಾಲೇಜೇ ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯವಾಯಿತು. 1913ರಲ್ಲಿ ಬಾಬಾಸಾಹೇಬರು ಓದಲು ಹೋದದ್ದು ಅಲ್ಲಿಗೇ.

ಇಷ್ಟು ಬುದ್ಧಿವಂತ ಸತ್ತದ್ದು ಹೇಗೆ? ಅವನ ಮಗ ಫಿಲಿಪ್ ಅಪ್ಪನ ಗೌರವಕ್ಕಾಗಿ ಪಿಸ್ತೂಲು ಹಿಡಿದು ದ್ವಂದ್ವಯುದ್ಧಕ್ಕೆ ಹೋಗಿ 1801ರಲ್ಲಿ ಸತ್ತ. ವಯಸ್ಸು 19. ಮೂರು ವರ್ಷವೂ ತುಂಬಿರಲಿಲ್ಲ, ಅಪ್ಪನೂ ಅದೇ ದಾರಿ ಹಿಡಿದ. ಅವನು ಆಡಿದ್ದೆಂಬ ಹೀನಾಯದ ಮಾತೊಂದು ಪತ್ರಿಕೆಯಲ್ಲಿ ಬಂತು. ಉಪಾಧ್ಯಕ್ಷ ಆರನ್ ಬರ್ ವಿವರಣೆ ಕೇಳಿದ. ಪತ್ರಗಳು ಓಡಾಡಿದವು, ಇಬ್ಬರೂ ತಗ್ಗಲಿಲ್ಲ. 1804ರ ಜುಲೈನಲ್ಲಿ ಹ್ಯಾಮಿಲ್ಟನ್ ಗುಂಡೇಟಿನಿಂದ ಸತ್ತ. ಬರ್‌ನ ರಾಜಕೀಯವೂ ಅಲ್ಲಿಗೇ ಮುಗಿಯಿತು. ಹೆಂಡತಿ ಎಲೈಝಾ ಇನ್ನೂ ಐವತ್ತು ವರ್ಷ ಬದುಕಿ, ಅನಾಥ ಮಕ್ಕಳಿಗೆ ಆಶ್ರಯ ಕಟ್ಟಲು ದುಡಿದಳು.

ಆ ದೃಶ್ಯ ನಡೆಯುವಾಗ ನಮ್ಮ ಯುವಕನೊಬ್ಬ ಗ್ರೂಪಿನಲ್ಲಿ ಹೀಗೆ ಬರೆದ: “ಅಣ್ಣಾ, ಈ ವಾರ ನಾನೂ ಅಲ್ಲೇ ನಿಂತಿದ್ದೆ.” ಕೆಲಸದ ಜಾಗದಲ್ಲಿ ನಾಲ್ಕು ಜನರ ಮುಂದೆ ಅವನ ಜಾತಿ ಎತ್ತಿ ಆಡಿದ್ದರು. ಆಡಿದವನ ತಲೆ ಒಡೆಯಬೇಕು ಎಂದು ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ.

ಇಂಥವನಿಗೆ ‘ಸಹಿಸಿಕೋ ತಮ್ಮಾ’ ಎನ್ನುವುದು ಧಮ್ಮವಲ್ಲ. ನಮ್ಮ ಜನ ಸಹಿಸಿದ್ದು ಸಾಕು. ಆದರೆ ಮಾನ ಬೇರೆ, ಸ್ವಾಭಿಮಾನ ಬೇರೆ. ಪಾಲಿಯಲ್ಲಿ ‘ಮಾನ’ ಎಂದರೆ ನಾನು ಅವನಿಗಿಂತ ಮೇಲು, ಸಮ, ಕೀಳು ಎಂದು ಸದಾ ತೂಗುತ್ತಿರುವ ಮನಸ್ಸು. ಅದು ಹತ್ತು ಸಂಕೋಲೆಗಳಲ್ಲಿ ಒಂದು. ಅದರ ತಕ್ಕಡಿ ಯಾವಾಗಲೂ ಬೈದವನ ಕೈಯಲ್ಲಿರುತ್ತದೆ. ಸ್ವಾಭಿಮಾನಕ್ಕೆ ಅವನ ತಕ್ಕಡಿ ಬೇಕಿಲ್ಲ.

1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ನೀರು ಮುಟ್ಟಿದರು. ಬಳಿಕ ನಮ್ಮವರ ಮೇಲೆ ಗುಂಪು ಹಲ್ಲೆ ಮಾಡಿತು. ತಿರುಗಿ ಹೊಡೆಯಲು ಸಿದ್ಧರಿದ್ದವರನ್ನು ಬಾಬಾಸಾಹೇಬರೇ ತಡೆದರು. ಹಾಗೆಂದು ಕೆರೆಯನ್ನು ಬಿಟ್ಟುಕೊಡಲಿಲ್ಲ. ಹತ್ತು ವರ್ಷ ನ್ಯಾಯಾಲಯದಲ್ಲಿ ಹೋರಾಡಿ 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಗೆದ್ದರು. ಆ ದಿನ ಕೈ ಎತ್ತಿದ್ದರೆ ಅದು ಎರಡು ಗುಂಪಿನ ಹೊಡೆದಾಟವೆಂದು ದಾಖಲಾಗುತ್ತಿತ್ತು. ಇಂದು ಅದು ಹಕ್ಕಿನ ಹೋರಾಟವೆಂದು ದಾಖಲಾಗಿದೆ.

ಬುದ್ಧರನ್ನೂ ಒಬ್ಬ ಬ್ರಾಹ್ಮಣ ಮನಸಾರೆ ಬೈದ. ಅತಿಥಿ ಉಣ್ಣದ ಊಟ ಮನೆಯವನಿಗೇ ಉಳಿಯುವಂತೆ ನಿನ್ನ ಬೈಗುಳ ನಿನಗೇ ಉಳಿಯಿತು ಎಂದರು. ಈ ಕಥೆಯನ್ನು ಮೌನದ ಪಾಠವೆಂದು ಹೇಳುವವರಿದ್ದಾರೆ. ಗಮನಿಸಿ, ಬುದ್ಧರು ಸುಮ್ಮನಿರಲಿಲ್ಲ. ಅವನ ಮುಖ ನೋಡಿ ಉತ್ತರ ಕೊಟ್ಟರು. ಸಿಟ್ಟನ್ನು ಮಾತ್ರ ಸ್ವೀಕರಿಸಲಿಲ್ಲ.

ಆ ಯುವಕ ಸೋಮವಾರ ನಡೆದದ್ದನ್ನೆಲ್ಲ ದಿನಾಂಕ, ಸಮಯ, ಸಾಕ್ಷಿಗಳ ಸಮೇತ ಬರೆದು ಲಿಖಿತ ದೂರು ಕೊಟ್ಟಿದ್ದಾನೆ. 1989ರ ದೌರ್ಜನ್ಯ ತಡೆ ಕಾಯ್ದೆ ತಿಳಿದ ವಕೀಲರೊಬ್ಬರನ್ನೂ ಕಂಡಿದ್ದಾನೆ. ಮುಂದೇನಾಗುತ್ತದೋ ನೋಡಬೇಕು. ಅವನು ಒಂಟಿಯಲ್ಲ, ಬಳಗ ಜೊತೆಗಿದೆ.

ಇಂದಿನ ಅಭ್ಯಾಸ: ಯಾರಾದರೂ ಹೀನಾಯವಾಗಿ ಮಾತಾಡಿದರೆ ಮೊದಲು ಮೂರು ಉಸಿರು ಗಮನಿಸಿ. ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ನಾನೀಗ ಮಾಡಹೊರಟಿರುವುದು ಅವನನ್ನು ಸೋಲಿಸಲಿಕ್ಕೋ, ನಾಳೆ ನನ್ನ ಮಕ್ಕಳಿಗೆ ಈ ಮಾತು ಬಾರದಂತೆ ಮಾಡಲಿಕ್ಕೋ? ಎರಡನೆಯದಾದರೆ, ಧೈರ್ಯದಿಂದ ಹೆಜ್ಜೆ ಇಡಿ.

ಸಾಧು, ಸಾಧು, ಸಾಧು.
ಜೈಭೀಮ್.