ಗೊಂದಲ ಹಾಕಿದ ರಾತ್ರಿ

ನಮ್ಮ ಆಯಿಯ ಬಾಯಲ್ಲಿ ಗೊಂದಲ ಎಂಬ ಮಾತು ದಿನಕ್ಕೆ ಹತ್ತು ಸಲ ಬರುತ್ತಿತ್ತು. ಮಕ್ಕಳು ಸೇರಿ ಮನೆ ತಲೆಮೇಲೆ ಹೊತ್ತರೆ "ಏನ್ ಗೊಂದಲ ಎಬ್ಬಿಸೀರ್ಯೋ" ಎಂದು ಗದರುವಳು. ಮನೆಯಲ್ಲಿ ಮದುವೆ ಮುಗಿದರೆ ಅದೇ ಬಾಯಿಂದ, "ಗೊಂದಲ ಹಾಕಸೂದು ಬಾಕಿ ಐತಿ, ಮರೀಬ್ಯಾಡ್ರಿ." ಎಬ್ಬಿಸಿದರೆ ಗಲಾಟೆ, ಹಾಕಿಸಿದರೆ ಪೂಜೆ. ಅಥಣಿ ಕಡೆಯವರಾದ ನಮಗೆ ಇದು ಎಂದೂ ವಿಚಿತ್ರ ಅನಿಸಿರಲಿಲ್ಲ.

ಚಿಕ್ಕಪ್ಪನ ಮದುವೆಯ ಗೊಂದಲ ಕಣ್ಣಿಗೆ ಕಟ್ಟಿದಂತಿದೆ. ಅಂಗಳದಲ್ಲಿ ಹೊಸ ಬಟ್ಟೆ ಹಾಸಿ, ಜೋಳ ಸುರಿದು, ಮೇಲೆ ಕಳಸ ಇಟ್ಟಿದ್ದರು. ಸುತ್ತ ಐದು ಕಬ್ಬು ನಿಲ್ಲಿಸಿ ತುದಿ ಸೇರಿಸಿ ಕಟ್ಟಿದ್ದರು. ಗೊಂದಲಿಗರ ಹಿರಿಯನ ಕೊರಳಲ್ಲಿ ಕವಡೆ ಸರ. ಪಕ್ಕದವನು ದೀವಟಿಗೆಗೆ ಎಣ್ಣೆ ಹನಿಸುತ್ತಲೇ ಇದ್ದ. ಸಂಬಾಳದ ಬಡಿತಕ್ಕೆ ಎದೆ ನಡುಗುತ್ತಿತ್ತು, ನಡುವೆ ತುಂತುಣಿಯ ಒಂಟಿ ತಂತಿ. ಹಿರಿಯ ಒಂದೊಂದೇ ದೇವರನ್ನು ಊರು ಹಿಡಿದು ಕರೆದ: ತುಳಜಾಪುರದ ಭವಾನಿ, ಕೊಲ್ಹಾಪುರದ ಮಹಾಲಕ್ಷ್ಮಿ, ಸವದತ್ತಿಯ ಎಲ್ಲಮ್ಮ, ಪಂಢರಪುರದ ವಿಠ್ಠಲ, ಜೇಜುರಿಯ ಖಂಡೋಬಾ. ಯಾರನ್ನೂ ಬಿಡುವಂತಿಲ್ಲ. ಎಲ್ಲರೂ ಬಂದು ಕೂತ ಮೇಲೆಯೇ ಕತೆ ಶುರು.

ಹೋದ ವರ್ಷ ಅವ್ವ ಹಾಸಿಗೆ ಹಿಡಿದಳು. ನನ್ನ ನೌಕರಿ, ಮಕ್ಕಳ ಶಾಲೆ, ವಯಸ್ಸಾದ ಅತ್ತೆ ಎಲ್ಲ ಹುಬ್ಬಳ್ಳಿಯಲ್ಲಿ. ಅವ್ವನಿಗೆ ಅಥಣಿಯ ಮನೆ ಬಿಡಲು ಮನಸ್ಸಿಲ್ಲ. "ಮೊದಲು ಮನಸ್ಸಿನ ಗೊಂದಲ ತೆಗೆದುಹಾಕ್ರಿ, ದೇವರು ದಾರಿ ತೋರಸ್ತಾನ" ಎಂದರು ಹಿರಿಯರೊಬ್ಬರು. ದೇವರ ಜಗಲಿಯ ಮುಂದೆ ಕಣ್ಣು ಮುಚ್ಚಿ ಕೂತೆ. ತೆಗೆದುಹಾಕುವುದು ಯಾರನ್ನು? ಅವ್ವನನ್ನೋ, ಮಕ್ಕಳನ್ನೋ?

ಗಲಿಬಿಲಿ ಆಗಿದ್ದರೆ ಗಳಿಗೆಯಲ್ಲಿ ಇಳಿಯುತ್ತಿತ್ತು. ತಳಮಳ ಹೊಟ್ಟೆಯೊಳಗಿನದು, ಒಬ್ಬರದೇ ಸಂಕಟ. ಗೊಂದಲಕ್ಕೆ ಹಲವರು ಬೇಕು, ಅವರೆಲ್ಲ ನಾವೇ ಕರೆದವರಾಗಿರಬೇಕು. ಅರ್ಜುನನಿಗೂ ಎದುರು ಸೈನ್ಯದಲ್ಲಿ ಕಂಡದ್ದು ಅಜ್ಜ, ಗುರು, ಸೋದರಮಾವ. ಆತ ಬಿಲ್ಲು ಕೆಳಗಿಟ್ಟ ಗೀತೆಯ ಆ ಅಧ್ಯಾಯಕ್ಕೆ ನಮ್ಮ ಹಿರಿಯರು ವಿಷಾದಯೋಗ ಎಂದು ಹೆಸರಿಟ್ಟರು. ಕಂಗೆಟ್ಟ ಮನಸ್ಸನ್ನು ಯೋಗ ಎನ್ನುವ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ. ಮನಸ್ಸು ತಿಳಿಯಾದ ಮೇಲೆ ದೇವರ ಬಳಿ ಹೋಗಬೇಕೆಂಬ ಮಾತನ್ನು ಅಂದಿನಿಂದ ಒಪ್ಪಲಾರೆ.

ಅಂದು ರಾತ್ರಿ ಅವ್ವನ ಮಂಚದ ಪಕ್ಕ ಕೂತು, ಒಬ್ಬೊಬ್ಬರ ಹೆಸರು ಹಿಡಿದು, ಯಾರಿಗೆ ನನ್ನಿಂದ ಏನಾಗಬೇಕು ಎಂದು ಬಾಯಿಬಿಟ್ಟು ಹೇಳುತ್ತ ಹೋದೆ. ಅವ್ವ ಕಣ್ಣು ಮುಚ್ಚಿಕೊಂಡೇ ಕೇಳಿದಳು. ನಾನು ನಿಲ್ಲಿಸಿದಾಗ ಮೆಲ್ಲಗೆ ಅಂದಳು, "ನಿಮ್ಮಣ್ಣನ ಹೆಸರ ಬಿಟ್ಟೆಲ್ಲ ಯವ್ವಾ."

ಹೊಲದ ಪಾಲಿನ ಮೇಲೆ ಅಣ್ಣನ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಬೆಳಗಾಗುವ ಮುಂಚೆ ಫೋನ್ ಮಾಡಿದೆ.