ಚಂದ್ರ ಒಂದು, ಹಬ್ಬ ಎರಡು ದಿನ

ಮಂಗಳೂರು, ಉಡುಪಿಗಳಲ್ಲಿ ಈದ್ ನಮಾಜು ಮುಗಿಸಿ ಜನ ಶುಭಾಶಯ ಹೇಳಿಕೊಳ್ಳುವ ದಿನ ಮೈಸೂರಿನ ನಜರ್‌ಬಾದಿನಲ್ಲಿ ಕೊನೆಯ ರೋಜಾ ನಡೆಯುತ್ತಿರುವುದುಂಟು. ಕರಾವಳಿಯ ಖಾಜಿಗಳು ಸಾಮಾನ್ಯವಾಗಿ ಕೇರಳ ತೀರದ ಚಂದ್ರದರ್ಶನವನ್ನು ಒಪ್ಪುತ್ತಾರೆ. ಒಳನಾಡು ಬೆಂಗಳೂರಿನ ಚಂದ್ರದರ್ಶನ ಸಮಿತಿಯ ಮಾತಿಗೆ ಕಾಯುತ್ತದೆ. ಹಾಗಾದರೆ ತಿಂಗಳು ಹುಟ್ಟುವುದು ಯಾವಾಗ? ಚಂದ್ರ ಮೂಡಿದಾಗಲೋ, ಯಾರೋ ಕಂಡಾಗಲೋ, ಕಂಡ ಸುದ್ದಿ ನಮ್ಮನ್ನು ಮುಟ್ಟಿದಾಗಲೋ?

ಈ ಪ್ರಶ್ನೆ ಮದೀನಾದಲ್ಲೇ ಎದ್ದಿತ್ತು. ಸಹೀಹ್ ಮುಸ್ಲಿಂ ಸಂಗ್ರಹದ ಪ್ರಕಾರ, ಶಾಮ್ (ಸಿರಿಯಾ) ನಾಡಿನಿಂದ ಬಂದ ಕುರೈಬ್ ಅಲ್ಲಿ ಒಂದು ದಿನ ಮೊದಲೇ ರಂಜಾನಿನ ಚಂದ್ರ ಕಂಡಿದ್ದನ್ನು ತಿಳಿಸಿದರು. ಪ್ರವಾದಿಯವರ ಸಹಚರ ಇಬ್ನ್ ಅಬ್ಬಾಸ್ ಆ ಲೆಕ್ಕ ಹಿಡಿಯಲಿಲ್ಲ. ತಾವು ಮೂವತ್ತು ದಿನ ತುಂಬಿಸುವವರೆಗೆ ಇಲ್ಲವೆ ಚಂದ್ರನನ್ನು ಕಾಣುವವರೆಗೆ ಉಪವಾಸವಿರುವುದಾಗಿ ಹೇಳಿದರು. ಕುರೈಬ್ ಸುಳ್ಳಾಡಿದರೆಂದು ಮಾತ್ರ ಅವರು ಹೇಳಲಿಲ್ಲ.

ಸುದ್ದಿ ಎಲ್ಲರಿಗೂ ಒಂದೇ ಹೊತ್ತಿಗೆ ಮುಟ್ಟದ ಈ ತೊಡಕು ದೊಡ್ಡ ಕಂಪ್ಯೂಟರ್ ಜಾಲಗಳಿಗೂ ಇದೆ. ಸಾಫ್ಟ್‌ವೇರ್‌ನಿಂದ ನಡೆಯುವ ಜಾಲದಲ್ಲಿ ಸ್ವಿಚ್‌ಗಳಿಗೆ ದಾರಿ ಹೇಳುವುದು ಕಂಟ್ರೋಲರ್. ಒಂದೇ ಇದ್ದು ಅದು ಕೆಟ್ಟರೆ ಕಷ್ಟವೆಂದು ಹಲವನ್ನು ಇಡುತ್ತಾರೆ. ಆಗ ಕೇಬಲ್ ಕಡಿದ ಸುದ್ದಿ ಒಂದಕ್ಕೆ ಮುಟ್ಟಿರುತ್ತದೆ, ಇನ್ನೊಂದಕ್ಕೆ ಮುಟ್ಟಿರುವುದಿಲ್ಲ. ಎರಡರ ಆಜ್ಞೆಗಳ ನಡುವೆ ಪ್ಯಾಕೆಟ್ ಸುತ್ತಿದಲ್ಲೇ ಸುತ್ತಬಹುದು. ಬೇರೆಬೇರೆ ಯಂತ್ರಗಳಲ್ಲಿ ನಡೆದ ಎರಡು ಘಟನೆಗಳ ನಡುವೆ ನೇರವಾಗಿಯೋ ಬಳಸಿಯೋ ಸಂದೇಶ ಹರಿದಿರದಿದ್ದರೆ ಯಾವುದು ಮೊದಲೆಂದು ವ್ಯವಸ್ಥೆಯ ಒಳಗಿನಿಂದ ಹೇಳಲಾಗದು ಎಂದು ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ತೋರಿಸಿದರು. 2014ರಲ್ಲಿ ಬಿಡುಗಡೆಯಾದ ಓನೋಸ್ ಎಂಬ ಕಂಟ್ರೋಲರ್ ಸ್ವಿಚ್‌ನ ಸುದ್ದಿಗೆ ಗಡಿಯಾರದ ಹೊತ್ತಿನ ಬದಲು ಬೇರೆ ಗುರುತು ಹಚ್ಚುತ್ತದೆ: ಮಾಸ್ಟರ್‌ನ (ಆ ಸ್ವಿಚ್‌ನ ಹೊಣೆ ಹೊತ್ತ ಕಂಟ್ರೋಲರ್‌ನ) ಎಷ್ಟನೆಯ ಅವಧಿ, ಆ ಅವಧಿಯ ಎಷ್ಟನೆಯ ಘಟನೆ. ಮಾಸ್ಟರ್ ಯಾರೆಂಬುದರಲ್ಲಿ ಕಟ್ಟುನಿಟ್ಟಾದ ಒಮ್ಮತ ಬೇಕು. ಜಾಲದ ನಕ್ಷೆ ಕ್ಷಣಕಾಲ ಬೇರೆಬೇರೆಯಾಗಿದ್ದು ಆಮೇಲೆ ಕೂಡಿಕೊಂಡರೂ ನಡೆಯುತ್ತದೆ.

ಒಂದೇ ಆಜ್ಞೆಯಿಂದ ಎಲ್ಲರ ಕಾಲವನ್ನು ಒಂದಾಗಿಸಬಹುದೇ? ನಜರ್‌ಬಾದನ್ನು ಕಟ್ಟಿಸಿದ ಟಿಪ್ಪು ಸುಲ್ತಾನ್ ಕಾಲಗಣನೆಯನ್ನೇ ಆಜ್ಞೆಯಿಂದ ಬದಲಿಸಿದ್ದ. 1787ರ ಹೊತ್ತಿಗೆ ಬಂದ ಮೌಲೂದಿ ಶಕೆಯಲ್ಲಿ ಇಲ್ಲಿನ ಚಾಂದ್ರಮಾನ ಪಂಚಾಂಗದ ಸಂವತ್ಸರ, ಮಾಸಗಳೇ ಹೊಸ ಹೆಸರು ತೊಟ್ಟವು, ಚೈತ್ರ ಅಹ್ಮದಿಯಾಯಿತು. 1799ರಲ್ಲಿ ಆತ ಮಡಿದ ಮೇಲೆ ಶಕೆ ಉಳಿಯಲಿಲ್ಲ.

ಪಂಚಾಂಗ ಒಂದೇ ಆದರೂ ಆಚರಣೆ ಒಂದಾಗುವುದಿಲ್ಲ. ಸೂರ್ಯೋದಯಕ್ಕೆ ನಾಲ್ಕು ಘಳಿಗೆ, ಎಂದರೆ 96 ನಿಮಿಷ ಮೊದಲಿನ ಅರುಣೋದಯಕ್ಕೆ ದಶಮಿ ಸೋಕಿದ್ದರೆ ವೈಷ್ಣವರು ಏಕಾದಶಿಯ ಉಪವಾಸವನ್ನು ಮರುದಿನಕ್ಕೆ ಇಡುತ್ತಾರೆ. ಸ್ಮಾರ್ತರು ಸೂರ್ಯೋದಯವನ್ನು ನೋಡುತ್ತಾರೆ. ಇಲ್ಲಿ ಗಣಿತ ಒಂದೇ, ನಿಯಮ ಬೇರೆ. ಈದ್‌ನಲ್ಲಿ ಚಂದ್ರ ಕಾಣಬೇಕೆಂಬ ನಿಯಮ ಒಂದೇ, ಒಪ್ಪುವ ಸಾಕ್ಷಿ ಬೇರೆ.

ವೈಶೇಷಿಕ ದರ್ಶನದ ತತ್ವಜ್ಞಾನಿಗಳು ಕಾಲ ಒಂದೇ ಎಂದರು. ಆದರೆ ಮೊದಲು, ಆಮೇಲೆ, ಒಟ್ಟಿಗೆ ಎಂಬ ಅರಿವುಗಳಿಂದಲೇ ಅದನ್ನು ಊಹಿಸಬೇಕೆಂದೂ ಒಪ್ಪಿದರು. ಘಟನೆ ಒಂದೇ ಸಲ ನಡೆದಿರಬಹುದು. ಮನುಷ್ಯ ಉತ್ತರ ಕೊಡಬೇಕಾದದ್ದು ತನಗೆ ಮುಟ್ಟಿದ ಅರಿವಿಗೆ. ಆದ್ದರಿಂದ ಮಂಗಳೂರಿಗೂ ಮೈಸೂರಿಗೂ ಹಬ್ಬ ಒಂದು ದಿನ ಹಿಂದುಮುಂದಾದರೆ ಯಾರ ಶ್ರದ್ಧೆಯೂ ಕುಂದುವುದಿಲ್ಲ. ಒಂದೇ ಮೊಹಲ್ಲಾದಲ್ಲಿ ಎರಡು ತೀರ್ಪು ಬಂದರೆ ಮಾತ್ರ ಮನೆಮನೆಯಲ್ಲಿ ಗೊಂದಲ. ಚಂದ್ರದರ್ಶನ ಘೋಷಿಸುವವರು ದಿನಾಂಕದ ಜೊತೆಗೆ ಯಾವ ಊರಿನಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಜನರಿಗೆ ಕಂಡಿತು, ಯಾವ ಆಧಾರದಿಂದ ಒಪ್ಪಲಾಯಿತು ಎಂಬುದನ್ನೂ ಪ್ರತಿ ಸಲ ಪ್ರಕಟಿಸಲಿ.