ಬೆನ್ನ ಹಿಂದಿನ ಬೆಳಕು

ಆಶ್ವಯುಜದಲ್ಲಿ ನನ್ನ ಸುಖಗಳೆಲ್ಲ ಸಣ್ಣವು: ನೆಂಟರ ಮನೆಯ ದಸರಾ ಗೊಂಬೆ ನೋಡುವುದು, ಗೊಂಬೆ ಬಾಗಿನದ ತಿಂಡಿ ಮೆಲ್ಲುವುದು, ಸಂಜೆ ಮೈಸೂರು ಅರಮನೆಯ ಸುಮಾರು 1 ಲಕ್ಷ ದೀಪಗಳು ಒಮ್ಮೆಲೇ ಹೊತ್ತಿಕೊಳ್ಳುವುದನ್ನು ಕಾಯುವುದು. 1912ರಲ್ಲಿ ಅರಸರಿಗಾಗಿ ಕಟ್ಟಿ ಮುಗಿಸಿದ ಅರಮನೆ. ಅದರ ಬೆಳಕು ಇಂದು ಬೀದಿಯಲ್ಲಿ ನಿಂತವರೆಲ್ಲರದು. ಎಷ್ಟು ಜನ ನೋಡಿದರೂ ಸವೆಯದು.

ಆದರೆ ಚುರುಮುರಿ ಮಾರುವವನು ಗಿರಾಕಿಗಳತ್ತ ಮುಖಮಾಡಿ, ಅರಮನೆಗೆ ಬೆನ್ನು ಹಾಕಿ ನಿಂತಿರುತ್ತಾನೆ. ನನ್ನ ಬಿಡುವೇ ಅವನ ದುಡಿಮೆಯ ಹೊತ್ತು. ಹಾಗೆಂದು ನನ್ನ ಸುಖ ತಪ್ಪೇ? ಅಲ್ಲವೆಂದೇ ನಂಬುತ್ತೇನೆ. ನಾನು ಮುಖ ಬಾಡಿಸಿಕೊಂಡರೆ ಅವನ ಬುಟ್ಟಿಯೇನೂ ಖಾಲಿಯಾಗದು. ಸುಖವನ್ನು ಬಿಡಬೇಕಿಲ್ಲ, ಅಷ್ಟು ಬೆಳಕಿನಲ್ಲಿ ಎದುರಿಗಿರುವವನ ಮುಖವೂ ಕಾಣಬೇಕು. ಚೌಕಾಸಿ ಮಾಡದೆ, ‘ವ್ಯಾಪಾರ ಹೇಗಿದೆ ಅಣ್ಣಾ?’ ಎಂದು ಕೇಳುವಷ್ಟಾದರೂ.